ಕಂಡಕ್ಟರಣ್ಣನ ಹಾಜರಿ

ಚೀಟಕ್ಕ ಮೊದಲು ಇಸ್ತ್ರಿಯ ಮೇಜಿನಲ್ಲಿದ್ದಳು. ಒಂದು ದಿನ ಬಿಸಿ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಬಿದ್ದಳು ನೋಡಿ, ಅವತ್ತಿನಿಂದ ಎಡ ಮುಂಗೈಯ ಮೇಲೆ ಪೆಟ್ಟಿಗೆಯ ಮೂತಿಯಂಥದೇ ಒಂದು ಕಲೆ ಉಳಿಯಿತು, ಕೆಲಸ ಹಿಂದಿನ ಮೂಲೆಗೆ ಹೋಯಿತು, ಹೆಸರೂ ಬದಲಾಯಿತು. ಆ ಲಾಂಡ್ರಿಗೆ ಆಸ್ಪತ್ರೆ, ಹೋಟೆಲುಗಳ ಬಟ್ಟೆ ಮೂಟೆಗಟ್ಟಲೆ ಬರುತ್ತಿತ್ತು. ಯಾವುದು ಯಾರದೆಂದು ಗೊತ್ತಾಗಲು ಒಂದೊಂದರ ಅಂಚಿಗೂ ನಂಬರಿನ ಚೀಟಿ ಹೊಲಿಯಬೇಕು. ದಿನವಿಡೀ ಕೂತು ಚೀಟಿ ಹೊಲಿಯುವವಳು, ಹಾಗಾಗಿ ಚೀಟಕ್ಕ.

"ಕೆಲಸದಿಂದ ತೆಗೆಯೋದಿಲ್ಲಮ್ಮ, ನಾನೇನು ಕಟುಕ ಅಲ್ಲ," ಎಂದಿದ್ದರು ಯಜಮಾನರು. "ಆದ್ರೆ ಗಿರಾಕಿಗಳ ಎದುರಿಗೆ ಮಾತ್ರ ಬರಬೇಡ. ಬಿದ್ದು ಒದ್ದಾಡೋದು ನೋಡಿದ್ರೆ ನಾಳೆ ಬಟ್ಟೆ ಹಾಕೋಕೆ ಬರ್ತಾರಾ?"

ಅವರು ಕೆಟ್ಟವರಲ್ಲ. ಕೆಟ್ಟವರಲ್ಲದವರು ಆಡುವ ಇಂಥ ಮಾತುಗಳನ್ನು ಚೀಟಕ್ಕ ಎಷ್ಟೋ ಹೊಟ್ಟೆಗೆ ಹಾಕಿಕೊಂಡಿದ್ದಳು. ಗಂಡ ಅನ್ನಿಸಿಕೊಂಡವನು ಮೊದಲ ಸಲ ಅವಳಿಗೆ ಫಿಟ್ಸ್ ಬಂದಾಗ ಹೆದರಿದ, ಎರಡನೇ ಸಲ ಮುಖ ತಿರುಗಿಸಿದ, ಮೂರನೇ ಸಲಕ್ಕೆ ಮನೆಯಲ್ಲೇ ಇರಲಿಲ್ಲ. ಆಮೇಲೆ ಅವಳು ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಒಂಟಿ ಕೋಣೆಗೆ ಬಂದಳು. ಮಂಚ ಮಾರಿ ಹಾಸಿಗೆಯನ್ನು ನೆಲಕ್ಕೆ ಇಳಿಸಿದಳು. ಮೇಜಿನ ಮೂಲೆಗಳಿಗೆ ಹಳೇ ಟವೆಲ್ ಸುತ್ತಿ ದಾರದಲ್ಲಿ ಬಿಗಿದಳು. ಬಚ್ಚಲಿನ ಚಿಲಕವನ್ನು ತಾನೇ ಕಿತ್ತು ತೆಗೆದಳು. ಒಳಗೆ ಬಿದ್ದರೆ ಬಾಗಿಲು ಒಡೆಯುವಂತಾಗಬಾರದು.

ಈ ಬುದ್ಧಿಯೆಲ್ಲ ಅವಳಿಗೆ ಹೇಳಿಕೊಟ್ಟವರು ಡಾಕ್ಟರಲ್ಲ. ಹಿತ್ತಿಲಿನವರು.

ಹಿತ್ತಿಲು ಅಂದರೆ ಮನೆಯ ಹಿಂದಿನ ಜಾಗವಲ್ಲ. ಮೊಬೈಲಿನೊಳಗಿನ ಜಾಗ. ಫಿಟ್ಸ್ ಬರುವವರು, ಅದರಲ್ಲೂ ಒಂಟಿಯಾಗಿ ಬದುಕುವವರು, ಅಲ್ಲಿ ಸೇರಿ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕಟ್ಟಿದವರು ಕಾಂಪೌಂಡರ್ ಅಜ್ಜ. ಔಷಧಿ ಅಂಗಡಿಯಲ್ಲಿ ಜೀವಮಾನವೆಲ್ಲ ಮಾತ್ರೆ ಎಣಿಸಿದವರು. ಅವರು ಅಂಗಡಿಯಲ್ಲಿದ್ದ ಹೊತ್ತಿನಲ್ಲಿ ಅವರ ಹೆಂಡತಿ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದು ತೀರಿಹೋದರು. ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ಮುಂಬಾಗಿಲಲ್ಲಿ ನಿಂತು ಹೇಳಿಕೊಳ್ಳಲಾಗದ್ದನ್ನು ಹಿತ್ತಿಲಲ್ಲಿ ಹೇಳಿಕೊಳ್ಳೋಣ ಅಂತ ಅಜ್ಜ ಆ ಹೆಸರಿಟ್ಟರು.

ಅಲ್ಲಿ ಫಿಟ್ಸಿಗೆ 'ನೆಂಟ' ಅಂತ ಹೆಸರು. "ನಿನ್ನೆ ನೆಂಟ ಬಂದಿದ್ದ, ನಾಲಿಗೆ ಕಚ್ಚಿಸಿ ಹೋದ" ಅಂತ ಒಬ್ಬರು ಬರೆದರೆ, "ನಮ್ಮನೆಗೂ ಬಂದಿದ್ದ, ಕುಕ್ಕರ್ ಮೇಲೆ ಬೀಳಿಸಿದ, ಕಾಫಿ ಕೂಡ ಕುಡೀಲಿಲ್ಲ ಬಡ್ಡಿಮಗ" ಅಂತ ಇನ್ನೊಬ್ಬರು. ಚೀಟಕ್ಕ ಮೊದಲ ದಿನ ಅದನ್ನು ಓದಿ, ಬಟ್ಟೆ ಮೂಟೆಯ ಹಿಂದೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ನಗುತ್ತ ನಗುತ್ತ ಅತ್ತೂ ಬಿಟ್ಟಿದ್ದಳು.

ಹಿತ್ತಿಲಿನ ಮುಖ್ಯ ಕಟ್ಟಳೆ ಒಂದೇ. ಬೆಳಿಗ್ಗೆ ಎದ್ದವರು ಹಾಜರಿಯ ಪುಟದಲ್ಲಿ 'ಇದ್ದೀನಿ' ಅಂತ ಬರೆಯಬೇಕು. ಬೇರೇನೂ ಬರೆಯಕೂಡದು. ಹೂವಿನ ಚಿತ್ರ, ಶುಭೋದಯ, ಕೈ ಮುಗಿಯುವ ಗುರುತು, ಯಾವುದೂ ಇಲ್ಲ. ನೆಂಟ ಬಂದುಹೋದ ಮೇಲೆ ಕೈ ನಡುಗುತ್ತದೆ, ತಲೆ ಮಂಕು ಹಿಡಿದಿರುತ್ತದೆ, ಅಂಥವರಿಂದಲೂ ಆಗುವಷ್ಟೇ ಇರಲಿ ಅನ್ನುವುದು ಅಜ್ಜನ ಲೆಕ್ಕ. ಒಬ್ಬೊಬ್ಬರಿಗೂ ಒಬ್ಬ ಜೊತೆ. ಮಧ್ಯಾಹ್ನದೊಳಗೆ ನನ್ನ ಜೊತೆಯವರು ಬರೆಯದಿದ್ದರೆ ನಾನು ಫೋನ್ ಮಾಡಬೇಕು, ಎತ್ತದಿದ್ದರೆ ಅವರ ಅಕ್ಕಪಕ್ಕದವರಿಗೆ ಮಾಡಬೇಕು.

ಚೀಟಕ್ಕನ ಜೊತೆ ಕಂಡಕ್ಟರಣ್ಣ.

ಆತ ಇನ್ನೊಂದು ಊರಿನವನು. ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಓಡುತ್ತಿದ್ದ ಬಸ್ಸಿನಲ್ಲೇ ಫಿಟ್ಸ್ ಬಂದು ಪ್ರಯಾಣಿಕರ ಮೇಲೆ ಬಿದ್ದ. ಕುಡಿದಿದ್ದಾನೆ ಅಂತ ಇಬ್ಬರು ಕಪಾಳಕ್ಕೆ ಬಾರಿಸಿದರಂತೆ. ಕುಡಿದಿಲ್ಲ, ಕಾಯಿಲೆ ಅಂತ ಗೊತ್ತಾದ ಮೇಲೆ ಕೆಲಸವೇ ಹೋಯಿತು. "ಕುಡುಕ ಅಂತಲೇ ಒಪ್ಕೊಂಡಿದ್ರೆ ಒಂದು ವಾರ ಮನೇಲಿ ಕೂರಿಸಿ ಮತ್ತೆ ಕರೀತಿದ್ರು ಕಣಮ್ಮ, ನಿಜ ಹೇಳಿ ಕೆಟ್ಟೆ," ಅನ್ನುತ್ತಿದ್ದ. ಮದುವೆಯಿಲ್ಲ, ಮಕ್ಕಳಿಲ್ಲ. ಹಿತ್ತಿಲಿಗೆ ಹೊಸಬರು ಬಂದು ಅಂಜುತ್ತ ಎರಡು ಸಾಲು ಬರೆದರೆ ಸಾಕು, "ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ, ಮುಂದೆ ಜಾಗ ಇದೆ, ಮುಂದೆ ಹೋಗಿ" ಅಂತ ಬರೆಯುತ್ತಿದ್ದ.

ಚೀಟಕ್ಕ ಒಮ್ಮೆ ಹಾಜರಿ ಹಾಕುವುದನ್ನು ಮರೆತಾಗ ಸರಿಯಾಗಿ ಮಧ್ಯಾಹ್ನಕ್ಕೆ ಫೋನ್ ಬಂತು.

"ಏನಮ್ಮ ಚೀಟಿ, ಟಿಕೆಟ್ ತಗೊಳ್ದೆ ಕೂತಿದ್ದೀಯ?"

"ಅಯ್ಯೋ, ಕೆಲಸದ ಗಡಿಬಿಡೀಲಿ ಮರೆತೇ ಹೋಯ್ತು ಅಣ್ಣ."

"ದಂಡ ಹಾಕ್ತೀನಿ. ನನ್ನ ಜೀವ ಬಾಯಿಗೆ ಬಂದಿತ್ತು. ಪಕ್ಕದ ಮನೆಯವನು ಕೇಳ್ತಾನೆ, ಯಾರ್ರೀ ಅದು, ದಿನಾ ಕಾಯ್ತೀರಲ್ಲ ಅಂತ. ತಂಗಿ ಅಂದೆ. ನೋಡೇ ಇಲ್ಲ ಅಂತೀರ, ಅದೆಂಥ ತಂಗಿ ಅಂದ. ನೋಡಿದ ತಂಗಿಯರು ಏನು ಕಡಿದು ಕಟ್ಟೆ ಹಾಕಿದ್ದಾರೆ ಅಂದೆ."

ಹೀಗೆ ನಡೆಯುತ್ತಿದ್ದಾಗ ಅಜ್ಜನ ಕಣ್ಣು ಮಂಜಾಯಿತು. ಹಿತ್ತಿಲನ್ನು ನಡೆಸುವ ಖರ್ಚು ಏರಿತು, ಜನ ಹೆಚ್ಚಾದರು, ಕಾಟ ಕೊಡುವವರೂ ಹೆಚ್ಚಾದರು. ಅಷ್ಟರಲ್ಲಿ ಒಂದು ಕಂಪನಿಯವರು ಬಂದು, ನಾವು ಇದನ್ನು ಹೀಗೇ ನೋಡಿಕೊಳ್ಳುತ್ತೇವೆ, ಹೆಸರೂ ಬದಲಿಸುವುದಿಲ್ಲ, ನೀವು ಆರಾಮಾಗಿರಿ ಅಂದರು. ಅಜ್ಜ ನಂಬಿದರು. ಮುದಿ ಕಣ್ಣಿಗೆ ಅವರ ಮುಖ ಸರಿಯಾಗಿ ಕಾಣಲಿಲ್ಲವೋ ಏನೋ.

ಹೆಸರನ್ನೇನೋ ಅವರು ಬದಲಿಸಲಿಲ್ಲ. ಬಾಕಿ ಯಾವುದನ್ನೂ ಬಿಡಲಿಲ್ಲ.

"ನಮ್ಮ ಕುಟುಂಬಕ್ಕೆ ಸ್ವಾಗತ" ಅಂತ ಮೊದಲು ಒಂದು ಬಣ್ಣದ ಪತ್ರ ಬಂತು. ಕುಟುಂಬ ಅನ್ನುವ ಮಾತು ಕಂಡರೇ ಚೀಟಕ್ಕನಿಗೆ ದಿಗಿಲು. ಆಮೇಲೆ ಮಾತು ಮಾತಿನ ನಡುವೆ ಜಾಹೀರಾತು ಬಂದವು. ಮೂರ್ಛೆಗೆ ಶಾಶ್ವತ ಮುಕ್ತಿ ಕೊಡುವ ತಾಮ್ರದ ಬಳೆ, ನೆತ್ತಿಗೆ ಹಚ್ಚುವ ಎಣ್ಣೆ. ಹಿತ್ತಿಲಲ್ಲೇ ಕಂಡದ್ದು ಅಂತ ನಂಬಿ ಒಬ್ಬ ಹುಡುಗಿ ಬಳೆ ತೊಟ್ಟು ಮಾತ್ರೆ ಬಿಟ್ಟಳು. ವಾರದೊಳಗೆ ಆಸ್ಪತ್ರೆ ಸೇರಿದಳು. ಹಣ ಕಟ್ಟಿದವರ ಮಾತು ಮೇಲೆ, ಕಟ್ಟದವರದು ಕೆಳಗೆ. ಯಾರದೋ ಮಗು ಬಿದ್ದು ಒದ್ದಾಡುವ ವಿಡಿಯೊ ಎಲ್ಲದಕ್ಕಿಂತ ಮೇಲೆ, ಯಾಕೆಂದರೆ ಅದನ್ನು ಹೆಚ್ಚು ಜನ ನೋಡುತ್ತಾರಂತೆ. ಹಾಜರಿಯ ಪುಟ ಎಲ್ಲೋ ಪಾತಾಳಕ್ಕೆ ಇಳಿಯಿತು. ಅದನ್ನು ಹುಡುಕಿ ತೆಗೆದು 'ಇದ್ದೀನಿ' ಅಂದರೆ, ಒಂದು ದಿನವೂ ತಪ್ಪಿಸದೆ ಬಂದದ್ದಕ್ಕೆ, ಹೆಸರಿನ ಪಕ್ಕ ಪುಟ್ಟದೊಂದು ಬೆಂಕಿಯ ಗುರುತು ಕುಣಿಯುತ್ತಿತ್ತು: 'ಭಲೇ! ನಿಮ್ಮ ಸರಣಿ ಮುರಿದಿಲ್ಲ!'

"ಬದುಕಿದ್ದಕ್ಕೆ ಭಲೇ ಅಂತಾರಲ್ಲ," ಎಂದಳು ಚೀಟಕ್ಕ ಫೋನಿನಲ್ಲಿ.

"ನನಗೆ ನಿನ್ನೆ ಒಂದು ಕಿರೀಟ ಕೊಟ್ಟಿದ್ದಾರೆ," ಅಂದ ಕಂಡಕ್ಟರಣ್ಣ. "ಇಷ್ಟು ವರ್ಷ ಬಸ್ಸಿನಲ್ಲಿ ನಿಂತು ಕಾಲು ಬತ್ತಿ ಹೋಯ್ತು, ಒಂದು ಟೋಪಿ ಕೊಟ್ಟಿರಲಿಲ್ಲ."

ಅವನು ನಗಾಡಿ ಬಿಟ್ಟ. ಚೀಟಕ್ಕನಿಗೆ ಬಿಡಲಾಗಲಿಲ್ಲ. ಎಲ್ಲರನ್ನೂ ಎತ್ತಿಕೊಂಡು ಬೇರೆ ಕಡೆ ಹೋಗಬೇಕು ಅಂತ ಹಟ ಹಿಡಿದಳು. ಮೊದಲು ಮೊಬೈಲಿನಲ್ಲೇ ಒಂದು ಗುಂಪು ಮಾಡಿದಳು. ಅಲ್ಲಿ ಬೆಳಗಾದರೆ ಗುಲಾಬಿ ಹೂವು, ಸೂರ್ಯೋದಯ, ಯಾರದೋ ಮೊಮ್ಮಗುವಿನ ಹುಟ್ಟುಹಬ್ಬ. ಅದರಡಿ 'ಇದ್ದೀನಿ' ಹೂತುಹೋಗುತ್ತಿತ್ತು. ಆಮೇಲೆ ಎಲ್ಲರೂ ಹೋಗುವ ಒಂದು ದೊಡ್ಡ ಜಾಲತಾಣಕ್ಕೆ ಹೋದರು. ಅವರು ನಿಜವಾದ ಹೆಸರು, ಮುಖದ ಫೋಟೊ ಕೇಳಿದರು. ಕೊಟ್ಟರು. ಶಾಲೆಯ ವ್ಯಾನ್ ತೊಳೆಯುತ್ತಿದ್ದ ಒಬ್ಬನ ಕಾಯಿಲೆ ಅವನ ಮಾಲೀಕನಿಗೆ ಗೊತ್ತಾಗಿ, ಅವನನ್ನು ಅವತ್ತೇ ಕೆಲಸ ಬಿಡಿಸಿ ಮನೆಗೆ ಕಳಿಸಿದ. ಅವನು ಚೀಟಕ್ಕನಿಗೆ ಫೋನ್ ಮಾಡಿ ಬೈಯಲೂ ಇಲ್ಲ. "ಅಕ್ಕ, ನೀವು ಒಳ್ಳೇದಕ್ಕೇ ಹೇಳಿದ್ರಿ" ಅಂದ. ಅವಳಿಗೆ ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಕೊನೆಗೆ ಕೈ ಹಿಡಿದವಳು ಅಕ್ಕನ ಮಗಳು. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಬಾಯಿ ಸ್ವಲ್ಪ ಜೋರು.

"ಚಿಕ್ಕಮ್ಮ, ಇನ್ನೊಬ್ಬರ ಜಾಗದಲ್ಲಿ ಕೂತ್ರೆ ಇದೇ ಹಣೆಬರಹ. ಇವತ್ತು ಇವರು, ನಾಳೆ ಇನ್ನೊಬ್ಬರು. ಅಂಗಡೀಲಿ ಒಂದು ಹಳೇ ಮಷೀನ್ ಧೂಳು ತಿನ್ನುತ್ತಿದೆ. ಅದರಲ್ಲಿ ನಾನೇ ಒಂದು ಮಾಡಿಕೊಡ್ತೀನಿ. ಚೆಂದ ಇರೋದಿಲ್ಲ."

"ಚೆಂದ ಯಾರಿಗೆ ಬೇಕು? ಹಾಜರಿ ಮೇಲೆ ಕಾಣುತ್ತಾ?"

"ಹಾಜರಿ ಮಾತ್ರವೇ ಕಾಣುತ್ತೆ."

ಹೊಸ ಹಿತ್ತಿಲು ಬರೀ ಬಿಳಿ ಪುಟ, ಕಪ್ಪು ಅಕ್ಷರ. ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಆದರೂ ಒಬ್ಬೊಬ್ಬರೇ ಬಂದರು. ಕಣ್ಣು ಕಾಣದ ಅಜ್ಜ ಕೂಡ ಪಕ್ಕದವರಿಂದ ಬರೆಸಿ ಹಾಜರಿ ಹಾಕಿದರು. ಇನ್ನರ್ಧ ಜನ ಹಳೇ ಹಿತ್ತಿಲಲ್ಲೇ ಉಳಿದರು. ಕೆಲವರಿಗೆ ಹೊಸದನ್ನು ಕಲಿಯುವುದು ಬೇಡ, ಕೆಲವರಿಗೆ ಬೆಂಕಿಯ ಗುರುತು ಬಿಟ್ಟು ಬರಲು ಮನಸ್ಸಿಲ್ಲ. ಕಂಡಕ್ಟರಣ್ಣ ಬರಲೇ ಇಲ್ಲ. ಚೀಟಕ್ಕ ಊಟದ ವಿರಾಮದಲ್ಲಿ, ಇಸ್ತ್ರಿ ಮಾಡುವವರ ಸದ್ದಿನಿಂದ ದೂರ, ಒದ್ದೆ ಹಾಸುಬಟ್ಟೆಗಳ ಸಾಲಿನ ನಡುವೆ ನಿಂತು ಫೋನ್ ಮಾಡಿದಳು.

"ಅಣ್ಣ, ನಿಮ್ಮನ್ನ ಬಿಟ್ಟು ಎಲ್ಲ ಬಂದಾಯ್ತು."

"ಯಾರು ಎಲ್ಲ? ಅರ್ಧ ಬಸ್ ಇನ್ನೂ ತುಂಬಿದೆ ಇಲ್ಲಿ. ನಿನ್ನೆ ಒಬ್ಬಳು ಹೊಸಬಳು ಬಂದಿದ್ದಾಳೆ, ಎಳೇ ಮಗು ಇದೆಯಂತೆ, ಎತ್ತಿಕೊಳ್ಳೋಕೆ ಭಯ ಅಂತಾಳೆ. ಅವಳನ್ನ ಯಾರು ಮಾತಾಡಿಸ್ತಾರೆ? ಆ ಬಳೆ ಮಾರೋನಾ?"

"ಅವಳನ್ನೂ ಕರ್ಕೊಂಡು ಬನ್ನಿ."

"ನಿನ್ನ ಜಾಗದ ಹೆಸರು ಬರೆದ್ರೆ ಅಳಿಸಿ ಹಾಕ್ತಾರೆ, ಗೊತ್ತಾ ನಿನಗೆ? ಬಸ್ ಕೆಟ್ಟು ನಿಂತ್ರೆ ಡ್ರೈವರ್ ಇಳಿದು ಬೀಡಿ ಸೇದಬಹುದು. ಕಂಡಕ್ಟರ್ ಕೊನೇ ಪ್ರಯಾಣಿಕ ಇಳಿಯೋ ತನಕ ಇಳಿಯೋ ಹಾಗಿಲ್ಲ."

ಚೀಟಕ್ಕನಿಗೆ ಅವತ್ತು ತಲೆ ಸಿಡಿಯುತ್ತಿತ್ತು. ವ್ಯಾನ್ ತೊಳೆಯುವವನ ಸಂಕಟ ಬೇರೆ ಎದೆಯಲ್ಲಿ ಕೂತಿತ್ತು. ಬಾಯಿ ಜಾರಿತು. "ನಿಮ್ಮನ್ನ ಬಸ್ಸಿಂದ ಇಳಿಸಿ ಎಷ್ಟೋ ವರ್ಷ ಆಯ್ತು ಅಣ್ಣ. ನೀವು ಇನ್ನೂ ಸೀಟಿ ಊದ್ತಾನೇ ಇದ್ದೀರ."

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿತು.

"ಸರಿ ಕಣಮ್ಮ," ಅಂದ. ಮಾತಿನಲ್ಲಿ ನಗು ಇರಲಿಲ್ಲ. "ಇನ್ನು ಫೋನ್ ಮಾಡಬೇಡ. ದಿನಾ ಇಲ್ಲಿ ಇದ್ದೀನಿ ಅಂತ ಬರೀತೀನಿ. ಬಂದು ನೋಡ್ಕೊಂಡು ಹೋಗು. ಅಷ್ಟು ಸಾಕು."

ಅವಳು ಹಾಗೇ ಮಾಡಿದಳು. ಬೆಳಿಗ್ಗೆ ಹೊಸ ಹಿತ್ತಿಲಲ್ಲಿ ತನ್ನ ಹಾಜರಿ ಹಾಕಿ, ಆಮೇಲೆ ಹಳೇ ಹಿತ್ತಿಲಿಗೆ ಹೋಗಿ, ಜಾಹೀರಾತುಗಳನ್ನು ದಾಟಿ, ಕಂಡಕ್ಟರಣ್ಣನ ಹೆಸರು ಹುಡುಕುತ್ತಿದ್ದಳು. 'ಇದ್ದೀನಿ.' ಪಕ್ಕದಲ್ಲಿ ಬೆಂಕಿ ಕುಣಿಯುತ್ತಿತ್ತು. ಇದ್ದಾನಲ್ಲ, ಇರಲಿ. ಕೋಪ ಇಳಿದ ಮೇಲೆ ತಾನೇ ಮಾಡುತ್ತಾನೆ. ಒಂದೆರಡು ಸಲ ಹೆಸರಿನ ಮೇಲೆ ಬೆರಳಿಟ್ಟು, ಒತ್ತಿ, ಮತ್ತೆ ತೆಗೆದಳು. ನಾನೇ ಯಾಕೆ ಮೊದಲು ಬಗ್ಗಬೇಕು ಅನ್ನುವ ಒಂದು ಹಾಳು ಬಿಗುಮಾನ ಇರುತ್ತದಲ್ಲ, ಅಣ್ಣ ತಂಗಿಯರಲ್ಲಿ, ಅದು.

ಹೀಗಿರುವಾಗ ಒಂದು ಬೆಳಿಗ್ಗೆ ಚೀಟಕ್ಕನ ಮನೆಗೇ ನೆಂಟ ಬಂದ. ಹಲ್ಲುಜ್ಜಲು ಬಚ್ಚಲಿಗೆ ಹೋದದ್ದು ನೆನಪು. ಆಮೇಲೆ ಕಣ್ಣು ಬಿಟ್ಟಾಗ ಅಕ್ಕನ ಮಗಳ ಮೊಣಕಾಲು ಕಂಡಿತು. ಕೆನ್ನೆಯ ಕೆಳಗೆ ತಣ್ಣಗಿನ ನೆಲ, ಬಾಯಲ್ಲಿ ರಕ್ತದ ರುಚಿ.

"ನೀನು ಹಾಜರಿ ಹಾಕಿಲ್ಲ ಅಂತ ನಿನ್ನ ಹೊಸ ಜೊತೆ ಅಂಗಡಿಗೇ ಫೋನ್ ಮಾಡಿದ್ರು," ಅಂದಳು ಹುಡುಗಿ, ಅಳು ಕೋಪ ಎರಡೂ ಬೆರೆಸಿ. "ಚಿಲಕ ಇಲ್ಲದ್ದು ಒಳ್ಳೇದಾಯ್ತು. ಏಳಬೇಡ. ಹಾಗೇ ಬಿದ್ದಿರು ಮಹಾರಾಣಿ."

ಹೊಸ ಜಾಗ ಕೆಲಸ ಮಾಡಿತ್ತು. ಹಾಸಿಗೆಯ ಮೇಲೆ ಮಲಗಿ ಸಕ್ಕರೆ ನೀರು ಕುಡಿಯುತ್ತ ಚೀಟಕ್ಕನಿಗೆ ಅದೊಂದು ಖುಷಿ. ಆ ಖುಷಿಯಲ್ಲೇ, ಕಂಡಕ್ಟರಣ್ಣನಿಗೆ ಇದನ್ನು ಹೇಳಬೇಕು, ಈಗಲಾದರೂ ಬರುತ್ತಾನೆ ಅಂತ ಹಳೇ ಹಿತ್ತಿಲು ತೆರೆದಳು.

ಕಂಡಕ್ಟರಣ್ಣನ ಹೆಸರಿನ ಮುಂದೆ 'ಇದ್ದೀನಿ'.

ಇನ್ನೂ ಕೆಳಗೆ ಸರಿಸಿದರೆ ಅವಳದೇ ಹೆಸರು. ಚೀಟಿ. ಇವತ್ತು ಬೆಳಿಗ್ಗೆ. 'ಇದ್ದೀನಿ.' ಬೆಂಕಿಯ ಗುರುತು. ಭಲೇ! ನಿಮ್ಮ ಸರಣಿ ಮುರಿದಿಲ್ಲ!

ಅವಳು ಮೂರು ಸಲ ಓದಿದಳು. ಆ ಹೊತ್ತಿಗೆ ಅವಳು ಬಚ್ಚಲಲ್ಲಿ ನಾಲಿಗೆ ಕಚ್ಚಿಕೊಂಡು ಬಿದ್ದಿದ್ದಳು. ಅಷ್ಟೇ ಅಲ್ಲ, ಹೊಸ ಜಾಗಕ್ಕೆ ಹೋದ ದಿನದಿಂದ ಇಲ್ಲಿ ಅವಳು ಏನೂ ಬರೆದೇ ಇರಲಿಲ್ಲ. ಬೇರೆಯವರ ಹೆಸರು ಹುಡುಕುವ ಭರದಲ್ಲಿ ತನ್ನ ಹೆಸರನ್ನು ನೋಡೇ ಇರಲಿಲ್ಲ.

"ಇದು ಯಾರೇ ಬರೆದದ್ದು?"

ಅಕ್ಕನ ಮಗಳು ಮೊಬೈಲ್ ಕಿತ್ತುಕೊಂಡು ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡಿದಳು.

"ಚಿಕ್ಕಮ್ಮ, ಇದು ಅವರ ಮಷೀನೇ ಬರೆಯೋದು. ನೀವು ಮರೆತರೆ ನಿಮ್ಮ ಪರವಾಗಿ ನಾವು ಹಾಜರಿ ಹಾಕ್ತೀವಿ, ನಿಮ್ಮ ಸರಣಿ ಮುರಿಯೋಕೆ ಬಿಡಲ್ಲ ಅಂತ ಒಂದು ಸೌಲಭ್ಯ ಕೊಟ್ಟಿದ್ದಾರೆ. ಕೇಳದೇನೇ ಎಲ್ಲರಿಗೂ ಕೊಟ್ಟಿದ್ದಾರೆ. ದಿನಾ ಬರೋ ಜನ ಕಮ್ಮಿ ಅಂತ ಕಂಡ್ರೆ ಜಾಹೀರಾತಿನವರು ಬಿಟ್ಟು ಹೋಗ್ತಾರಲ್ಲ, ಅದಕ್ಕೆ."

"ಒಂದೇ ಮಾತು ಬರೆಯೋದು ಅಲ್ವಾ," ಅಂದಳು ಚೀಟಕ್ಕ ಮೆಲ್ಲಗೆ. "ಮಷೀನಿಗೂ ಸುಲಭ."

ಆಮೇಲೆ ಮತ್ತೆ ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. ಕಂಡಕ್ಟರಣ್ಣನ ಹೆಸರಿನ ಮುಂದಿರುವುದನ್ನು ಬರೆದವರು ಯಾರು?

ಫೋನ್ ಮಾಡಿದಳು. ಅವನ ಫೋನು ಸತ್ತಿತ್ತು. ಪಕ್ಕದ ಮನೆಯವನ ನಂಬರು ಅವಳಲ್ಲಿತ್ತು, ಒಮ್ಮೆಯೂ ಬಳಸಿರಲಿಲ್ಲ. ಎತ್ತಿದವನು ಮೊದಲು ಗುರುತು ಹಿಡಿಯಲಿಲ್ಲ. ಗುರುತು ಹಿಡಿದ ಮೇಲೆ ಕಿಡಿ ಕಿಡಿಯಾದ.

"ಓ, ತಂಗಿಯೋ! ಈಗ ನೆನಪಾಯ್ತಾ ತಾಯಿ? ನಿನ್ನೆ ಆಸ್ಪತ್ರೆಗೆ ಸೇರಿಸಿದ್ವಿ. ಮೀಟರ್ ಓದೋಕೆ ಬಂದವನು ಕಿಟಕೀಲಿ ಇಣುಕಿದ್ದಕ್ಕೆ ಗೊತ್ತಾಯ್ತು. ಅಡುಗೆಮನೇಲಿ ಬಿದ್ದಿದ್ರು, ಸೊಂಟ ಮುರಿದು. ಮೊನ್ನೆಯೋ ಅದರ ಹಿಂದಿನ ದಿನವೋ ಬಿದ್ದಿರಬೇಕು ಅಂತಾರೆ ಡಾಕ್ಟರು. ನಮ್ಮದು ಒಂದೇ ಗೋಡೆ ಕಣ್ರೀ. ಅವರ ಫೋನ್ ಹೊಡ್ಕೊಂಡಿದ್ರೂ ಸಾಕಿತ್ತು, ಎತ್ರೀ ಅಂತ ನಾನೇ ಕೂಗ್ತಿದ್ದೆ. ಒಂದು ಸಲನೂ ಹೊಡ್ಕೊಳ್ಳಲಿಲ್ಲವಲ್ಲ!"

ಮರುದಿನ ಬೆಳಿಗ್ಗೆ ಚೀಟಕ್ಕ ಅಕ್ಕನ ಮಗಳ ಜೊತೆ ಬಸ್ ಹತ್ತಿದಳು. ಬೆಳಗ್ಗೆಯೇ ಅಜ್ಜನಿಗೆ ಫೋನ್ ಮಾಡಿ ಹೇಳಿದ್ದಳು. ಅಜ್ಜ ಬಹಳ ಹೊತ್ತು ಕೆಮ್ಮಿದರು. "ನಾನು ಮನೆ ಮಾರಿದೆ ಅಂದ್ಕೊಂಡಿದ್ದೆ ಮಗಳೇ. ಒಳಗಿದ್ದವರನ್ನೂ ಸೇರಿಸಿ ಮಾರಿಬಿಟ್ಟಿದ್ದೀನಿ," ಅಂದರು.

ಬಸ್ಸಿನಲ್ಲಿ ಕೂತು ಹುಡುಗಿ ಹಳೇ ಹಿತ್ತಿಲಲ್ಲಿ ಬರೆದಳು: ಹಾಜರಿ ನಂಬಬೇಡಿ, ಅದು ಮಷೀನ್ ಬರೆಯುವುದು, ನಿಮ್ಮ ಜೊತೆಯವರಿಗೆ ಫೋನ್ ಮಾಡಿ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಅದು ಮಾಯವಾಯಿತು. 'ಈ ಬರಹ ಇತರರಲ್ಲಿ ಆತಂಕ ಉಂಟುಮಾಡಬಹುದು' ಅಂತ ಉತ್ತರ ಬಂತು. ಇನ್ನೊಮ್ಮೆ ಬರೆದಳು. ಈ ಸಲ ಒಳಗೇ ಬಿಡಲಿಲ್ಲ.

"ಆ ಎಳೇ ಮಗುವಿನ ತಾಯಿ ಅಲ್ಲೇ ಇದ್ದಾಳೆ," ಅಂದಳು ಚೀಟಕ್ಕ. "ಅವಳ ನಂಬರ್ ಕಂಡಕ್ಟರಣ್ಣನ ಹತ್ರ ಮಾತ್ರ ಇರೋದು."

ಆಸ್ಪತ್ರೆಯ ವಾರ್ಡು ಉದ್ದಕ್ಕೆ ಇತ್ತು. ಎರಡೂ ಕಡೆ ಕಬ್ಬಿಣದ ಮಂಚ, ಫಿನಾಯಿಲ್ ವಾಸನೆ, ಮಂಚದ ಕೆಳಗೆ ಚೀಲ, ಚಪ್ಪಲಿ. ಚೀಟಕ್ಕ ಅವನ ಮುಖ ಎಂದೂ ನೋಡಿದವಳಲ್ಲ. ಬರೀ ದನಿ ಗೊತ್ತು. ಎತ್ತರದ, ದಪ್ಪ ಮೀಸೆಯ ಆಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂದೊಂದೇ ಮಂಚ ದಾಟಿದಳು. ನರ್ಸು ತೋರಿಸಿದ್ದು ಕಿಟಕಿ ಪಕ್ಕದ ಒಂದು ಸಣ್ಣ ದೇಹವನ್ನು. ಬೋಳು ತಲೆ, ಕೆನ್ನೆಯ ಮೇಲೆ ಕಪ್ಪಗಾದ ಪೆಟ್ಟು, ಒಡೆದ ತುಟಿ.

"ಅಣ್ಣ."

ಆತ ನೋಡಿದ. ಯಾರೆಂದು ತಿಳಿಯಲಿಲ್ಲ.

"ನಾನು, ಚೀಟಿ."

ಕಂಡಕ್ಟರಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಅವಳು ಸ್ಟೂಲಿನ ಮೇಲೆ ಕೂತಳು. ಅಕ್ಕನ ಮಗಳು ಕಾಲ ಬಳಿ ನಿಂತಳು. ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ತನ್ನ ಮಾವನಿಗೆ ಗಂಜಿ ಕುಡಿಸುತ್ತಿದ್ದಳು. ಚಮಚ ಬಟ್ಟಲಿಗೆ ತಾಗುತ್ತಿತ್ತು.

"ಹಾಜರಿ ಹಾಕೋ ಮೊದಲೇ ಬಿದ್ದೆ, ಮಧ್ಯಾಹ್ನದೊಳಗೆ ಫೋನ್ ಮಾಡ್ತಾಳೆ ಅಂದ್ಕೊಂಡೆ," ಅಂದ ಆತ ಗೋಡೆಗೆ. ನಾಲಿಗೆ ತೊದಲುತ್ತಿತ್ತು. "ಫೋನು ಅಲ್ಲೇ ಕಪಾಟಿನ ಮೇಲಿತ್ತು. ಕಾಣ್ತಿತ್ತು. ಕೈಗೆ ಎಟುಕ್ತಿರಲಿಲ್ಲ. ಕೋಪ ಇದ್ರೂ ಮಾಡ್ತಾಳೆ, ನನಗೆ ಗೊತ್ತಲ್ಲ ಅವಳು ಅಂದ್ಕೊಂಡೆ. ಹೊಡ್ಕೊಂಡ್ರೆ ಪಕ್ಕದವನು ಕೂಗ್ತಾನೆ, ಆಗ ನಾನೂ ಕೂಗೋಣ ಅಂತ ದನಿ ಉಳಿಸಿಕೊಂಡು ಮಲಗಿದ್ದೆ."

"ಅಣ್ಣ..."

"ಆಮೇಲೆ ಬೆಳಕು ಹೋಯ್ತು. ಹೋಗಲಿ, ನಾಳೆ ಬೆಳಿಗ್ಗೆ ಹಾಜರಿ ಇಲ್ಲದಿದ್ದಾಗ ಮಾಡೇ ಮಾಡ್ತಾಳೆ ಅಂದ್ಕೊಂಡೆ. ಬೆಳಗಾಯ್ತು. ಫೋನು ಹಾಗೇ ಕಪಾಟಿನ ಮೇಲೆ. ಸಾಯಂಕಾಲದ ಹೊತ್ತಿಗೆ ಅದರ ದೀಪಾನೂ ಹೋಯ್ತು. ಕೂಗಬೇಕು ಅಂದಾಗ ದನಿಯೇ ಇರಲಿಲ್ಲ."

ಚೀಟಕ್ಕ ಮೊಬೈಲ್ ತೆಗೆದು ಅವನ ಕಣ್ಣ ಮುಂದೆ ಹಿಡಿದಳು. ಬಿದ್ದ ದಿನದ ಬೆಳಿಗ್ಗೆ, ಮರುದಿನ ಬೆಳಿಗ್ಗೆ, ಆಸ್ಪತ್ರೆಗೆ ತಂದ ದಿನ, ನಿನ್ನೆ, ಈ ಹೊತ್ತು. ಎಲ್ಲದರಲ್ಲೂ ಅವನ ಹೆಸರು, ಹಾಜರಿ, ಕುಣಿಯುವ ಬೆಂಕಿ. ಆತ ಕತ್ತು ಎತ್ತಲಾಗದೆ ಕಣ್ಣು ಕಿರಿದು ಮಾಡಿ ನೋಡಿದ.

"ಇದು ನಾನಲ್ಲ."

"ಗೊತ್ತು. ಬರೆಯದವರ ಹೆಸರಲ್ಲೆಲ್ಲ ಅವರ ಮಷೀನೇ ಬರೆಯುತ್ತಂತೆ, ನಿನ್ನೆ ಗೊತ್ತಾಯ್ತು."

"ಅವತ್ತು ನೀನು ಇದನ್ನ ನೋಡಿದ್ಯಾ?"

"ನೋಡ್ದೆ. ನೋಡಿ ಸಮಾಧಾನವಾಗಿ ಕೆಲಸಕ್ಕೆ ಹೋದೆ ಅಣ್ಣ. ಚೀಟಿ ಹೊಲೀತಾ ಹಾಡಿಕೊಂಡೆ ಕೂಡ."

ಅವಳು ಅದನ್ನು ಹೇಳಬೇಕಾಗಿರಲಿಲ್ಲ. ಆದರೆ ಹೇಳದಿದ್ದರೆ ಎದೆ ಒಡೆಯುತ್ತಿತ್ತು. ಆತ ಕಣ್ಣು ಮುಚ್ಚಿಕೊಂಡ. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಲು ಅವಳು ಕೈ ಚಾಚಿದರೆ ತಲೆ ಸರಿಸಿದ. ಮತ್ತೆ ಚಾಚಿದಳು. ಈ ಸಲ ಸುಮ್ಮನಿದ್ದ.

"ನನಗಿಂತ ಅದಕ್ಕೇ ಶಿಸ್ತು ಜಾಸ್ತಿ," ಅಂದ. "ಸತ್ತಿದ್ರೂ ಬರೀತಿತ್ತು ಅಲ್ವಾ?"

ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಡಾಕ್ಟರು ಬಂದರು. ಈ ಮನುಷ್ಯ ಇನ್ನು ಒಂಟಿಯಾಗಿ ಇರುವಂತಿಲ್ಲ, ನಡೆಯಲು ತಿಂಗಳುಗಳೇ ಬೇಕು, ಕರೆದುಕೊಂಡು ಹೋಗುವವರು ಯಾರು ಅಂತ ಕೇಳಿದರು. ಚೀಟಕ್ಕ ತನ್ನ ಕೋಣೆಯ ಕಡಿದಾದ ಮೆಟ್ಟಿಲುಗಳನ್ನು ನೆನೆದಳು. ಬೀಳುವವಳು ಬಿದ್ದವನನ್ನು ಹೇಗೆ ಎತ್ತುತ್ತಾಳೆ? ಡಾಕ್ಟರಿಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ. "ಯೋಚನೆ ಮಾಡಿ ಹೇಳಿ" ಅಂತ ಮುಂದಿನ ಮಂಚಕ್ಕೆ ಹೋದರು.

"ನನ್ನ ಯೋಚನೆ ಬಿಡು," ಅಂದ ಕಂಡಕ್ಟರಣ್ಣ. "ಆ ಮಗುವಿನ ತಾಯಿಗೆ ನಾನೇ ಜೊತೆ. ಅವಳ ಹೆಸರಿನ ಮುಂದೆಯೂ ಇದ್ದೀನಿ ಅಂತ ಇರುತ್ತಲ್ವಾ ದಿನಾ? ಅವಳ ನಂಬರು ನನ್ನ ಫೋನಲ್ಲಿತ್ತು. ಫೋನು ಮನೇಲಿ. ಹೋಗಿ ತಗೊಂಡು, ಚಾರ್ಜಿಗೆ ಹಾಕಿ ಮಾಡು. ಮೊದಲು ಅದು ಮಾಡು."

"ಮನೆ ಬೀಗ?"

"ಪಕ್ಕದವನ ಹತ್ರ ಇದೆ. ಬೈತಾನೆ. ಬೈಸ್ಕೋ."

ಅಕ್ಕನ ಮಗಳು ವಿಳಾಸ ಕೇಳಿಕೊಂಡು ಆಗಲೇ ಹೊರಟಳು. ಚೀಟಕ್ಕ ಒಂದು ಚಮಚ, ಮತ್ತೊಂದು ಚಮಚ ಅಂತ ಅವನಿಗೆ ನೀರು ಕುಡಿಸಿದಳು. ಅರ್ಧ ತುಟಿಯಿಂದ ಹೊರಗೆ ಹರಿಯುತ್ತಿತ್ತು. ನೋಡುವ ಹೊತ್ತು ಮುಗಿಯಿತು ಅಂತ ಆಯಾ ಕೂಗುತ್ತ ಬಂದಾಗ ಅವಳು ನರ್ಸಿನ ಬಳಿಗೆ ಓಡಿದಳು.

"ಸಿಸ್ಟರ್, ಅವರಿಗೆ ಫೋನ್ ಹಿಡ್ಕೊಳ್ಳೋಕೂ ಆಗ್ತಿಲ್ಲ. ಬೆಳಿಗ್ಗೆ ನಾನು ಇಲ್ಲಿಗೆ ಮಾಡಿದ್ರೆ ಅವರ ಕಿವಿಗೆ ಒಂದು ನಿಮಿಷ ಹಿಡೀತೀರಾ? ದನಿ ಕೇಳಿದ್ರೆ ಸಾಕು."

"ಅದೆಲ್ಲ ಆಗಲ್ಲಮ್ಮ. ಎಲ್ಲರೂ ಹಾಗೇ ಕೇಳಿದ್ರೆ ನಾವು ಕೆಲಸ ಮಾಡೋದು ಬೇಡವಾ? ಅವರು ಇದ್ದಾರೆ ಅಂತ ನಾವೇ ಹೇಳ್ತೀವಿ ಬಿಡಿ."

"ಬೇರೆಯವರು ಹೇಳಿದ್ರೆ ಆಗಲ್ಲ ಸಿಸ್ಟರ್," ಅಂದಳು ಚೀಟಕ್ಕ. ನರ್ಸು ಅವಳನ್ನು ವಿಚಿತ್ರವಾಗಿ ನೋಡಿದಳು.

ಗಂಜಿ ಕುಡಿಸುತ್ತಿದ್ದ ಹೆಂಗಸು ಬಟ್ಟಲು ಕೆಳಗಿಟ್ಟಳು. "ನನ್ನ ನಂಬರ್ ಬರ್ಕೊಳ್ರೀ ಅಕ್ಕ. ನಾನು ರಾತ್ರಿ ಹಗಲು ಇಲ್ಲೇ ಇರ್ತೀನಿ. ಬೆಳಿಗ್ಗೆ ಮಾಡಿ, ಅವರ ಕಿವಿಗೇ ಹಿಡೀತೀನಿ."

"ದಿನಾ ಮಾಡಲಾ?"

"ಮಾಡಿ. ಆದ್ರೆ ನಾಡಿದ್ದು ನಮ್ಮನ್ನ ಮನೆಗೆ ಕಳಿಸ್ತಾರೆ. ಅಲ್ಲೀ ತನಕ ಮಾಡಿ."

ಚೀಟಕ್ಕ ನಂಬರು ಒತ್ತಿಕೊಂಡಳು. ಆಯಾ ಹಿಂದಿನಿಂದ ದಬ್ಬುತ್ತಿದ್ದಳು. ಬಾಗಿಲು ದಾಟಿ, ಗೋಡೆಗೆ ಒರಗಿ, ಸರಿಯಾದ ನಂಬರೋ ನೋಡೋಣ ಅಂತ ಆಗಲೇ ಒಂದು ಸಲ ಮಾಡಿದಳು. ಬಾಗಿಲ ಗಾಜಿನಾಚೆ ಆ ಹೆಂಗಸು ಫೋನ್ ಎತ್ತಿ, ಬಗ್ಗಿ, ಕಂಡಕ್ಟರಣ್ಣನ ಕಿವಿಗೆ ಹಿಡಿದದ್ದು ಕಂಡಿತು. ಮೊದಲು ಬರೀ ಉಸಿರು ಕೇಳಿತು.

"ಹೇಳಣ್ಣ."

"ಏನು ಹೇಳಲಿ?" ಅಂದಿತು ಆ ದನಿ, ತೊದಲುತ್ತ. "ನಾಡಿದ್ದಿನ ತನಕ ಆಯ್ತು. ಅದರ ಆಚೆ ಏನು ಮಾಡ್ತೀಯ?"

ಚೀಟಕ್ಕನಿಗೆ ಗೊತ್ತಿರಲಿಲ್ಲ. ಫೋನ್ ಇಡಲೂ ಕೈ ಬರಲಿಲ್ಲ. ಗಾಜಿನ ಈಚೆ ಅವಳು ಹಾಗೇ ನಿಂತಿದ್ದಳು.